ಬಚ್ಚಲ ಒಲೆಗೂ ಉಸಿರು ಬೇಕು

ಕುಲಶೇಖರದ ಚಿತ್ತರಂಜನ ಶೆಟ್ಟರಿಗೆ ಬೆಳಗ್ಗಿನ ಸ್ನಾನ ಎಂದರೆ ಸಣ್ಣ ವಿಷಯ ಅಲ್ಲ. ಕಂಕನಾಡಿಯಲ್ಲಿ ಅವರದ್ದೊಂದು ಹೋಟೆಲ್ ಉಂಟು. ಹೋಟೆಲಿನ ಬಾಗಿಲು ತೆಗೆಯುವುದು ತಡವಾದರೂ ಅಡ್ಡಿಯಿಲ್ಲ, ಸ್ನಾನ ಮಾತ್ರ ಗಡಿಬಿಡಿಯಲ್ಲಿ ಆಗಬಾರದು. ತಾಮ್ರದ ಹಂಡೆಯಲ್ಲಿ ನೀರು ಕುದಿಯಬೇಕು. ಚಂಬು ಚಂಬಾಗಿ ಸುರಿದುಕೊಂಡು ಮೈ ಬೆಂದ ಸಿಗಡಿಯ ಹಾಗೆ ಕೆಂಪಾಗಬೇಕು. ಸೋಲಾರ್ ನೀರು ಅವರ ಲೆಕ್ಕದಲ್ಲಿ ಪಾತ್ರೆ ತೊಳೆಯಲಿಕ್ಕೆ ಆದೀತು. ಗೀಸರಿನ ನೀರು ಕೈಗೆ ಬಿಸಿ, ಮೈಗೆ ಹಿಡಿಯುವುದಿಲ್ಲ.

ಮೊದಲು ಅವರ ಬಚ್ಚಲು ಮನೆ ಹಿತ್ತಲಲ್ಲಿ ಬೇರೆಯೇ ಇತ್ತು. ಹಂಚಿನ ಮಾಡು. ಹಂಚಿನ ಸಂದಿಯಲ್ಲಿ ಹೊಗೆ ತನ್ನಷ್ಟಕ್ಕೆ ಹೊರಗೆ ಹೋಗುತ್ತಿತ್ತು. ಹೋದ ವರ್ಷ ಮಗ ಸುಜಿತ್ ಮನೆ ರಿಪೇರಿ ಮಾಡಿಸಿ ಒಳಗೇ ಹೊಸ ಬಾತ್‌ರೂಮು ಕಟ್ಟಿಸಿದ. ಶೆಟ್ಟರು ಟೈಲ್ಸಿಗೆ ಒಪ್ಪಿದರು, ತಾರಸಿಗೆ ಒಪ್ಪಿದರು, ಗಾಜಿನ ಕಿಟಕಿಗೂ ಒಪ್ಪಿದರು. ಆದರೆ ಹಂಡೆಯನ್ನು ಬಿಡಲಿಲ್ಲ. ಹಂಡೆಯ ಹಿಂದೆ ಒಲೆಯೂ ಬಂದು ಬಾತ್‌ರೂಮಿನ ಮೂಲೆಯಲ್ಲಿ ಕೂತಿತು. ಹೊಗೆ ಹೋಗಲಿಕ್ಕೆ ಗೋಡೆಗೆ ತೂತು ಕೊರೆದು ತಗಡಿನ ಒಂದು ಕೊಳವೆ ಇಟ್ಟರು. ಆ ಕೊಳವೆಯ ತುದಿ, ಓಣಿಯವರು ಗೌರವದಿಂದ ಬಾಯಿ ಎಂದು ಕರೆಯುವ ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಬಟ್ಟೆ ಒಣಗಿಸುವ ಹಗ್ಗದ ನೇರಕ್ಕೇ ಬಂತು. ಅದು ಯಾರೂ ಬೇಕಂತ ಮಾಡಿದ್ದಲ್ಲ.

ಆದರೆ ಕೊಳವೆಯಿಂದ ಬರುವ ಹೊಗೆಯಲ್ಲಿ ಇಲ್ಲದ ವಸ್ತು ಇಲ್ಲ. ತೆಂಗಿನ ಗೆರಟೆ, ಮಳೆಯಲ್ಲಿ ನೆನೆದ ಸಿಪ್ಪೆ, ಹೋಟೆಲಿನ ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಪಾರ್ಸೆಲ್ ಕವರು, ಒಮ್ಮೆ ಸುಜಿತನ ಹರಿದ ಚಪ್ಪಲಿ. ನಮ್ಮ ಮನೆಯಲ್ಲಿ ಕಸ ಅಂತ ಒಂದು ಇಲ್ಲವೇ ಇಲ್ಲ ಎಂದು ಶೆಟ್ಟರು ಎಲ್ಲರ ಹತ್ತಿರ ಹೇಳಿಕೊಳ್ಳುವುದುಂಟು. ಹೆಂಡತಿ ಜಲಜಾಕ್ಷಿ ಕೆಮ್ಮಿದರೆ ತಂಪು ಹವೆ ಎನ್ನುತ್ತಿದ್ದರು. ಗ್ಲ್ಯಾಡಿಸ್ ಬಾಯಿ ಬೇಲಿಯಾಚೆಯಿಂದ ಬೈದರೆ, ಬಾಯಿಗೆ ರಿಟೈರ್ ಆದ ಮೇಲೆ ಬೈಯಲಿಕ್ಕೆ ರೋಗಿಗಳು ಇಲ್ಲ, ಪಾಪ, ಎನ್ನುತ್ತಿದ್ದರು. ಗ್ಲ್ಯಾಡಿಸ್ ಬಾಯಿ ಬಹಳ ಕಾಲ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಇಡೀ ವಾರ್ಡಿಗೆ ಕೇಳುವ ಆ ಸ್ವರ ಈಗ ಇಡೀ ಓಣಿಗೆ ಕೇಳುತ್ತದೆ.

ಜುಲೈ ತಿಂಗಳ ಒಂದು ಬೆಳಗ್ಗೆ ಮಳೆ ಜೋರಾಗಿತ್ತು. ಕಿಟಕಿಯಿಂದ ಇರಿಚಲು ಹೊಡೆಯುತ್ತದೆಂದು ಶೆಟ್ಟರು ಗಾಜು ಎಳೆದು ಗಟ್ಟಿಯಾಗಿ ಮುಚ್ಚಿದರು. ಬಾಗಿಲ ಚಿಲಕ ಹಾಕಿದರು. ಒಲೆಯಲ್ಲಿ ಕೆಂಡ ಚೆನ್ನಾಗಿ ಬಿದ್ದಿತ್ತು, ಹೊಗೆ ಹೆಚ್ಚೇನೂ ಇರಲಿಲ್ಲ. ಮೊದಲ ಚಂಬು, ಎರಡನೇ ಚಂಬು, ಆಹಾ ಎನಿಸಿತು. ತಲೆ ಸ್ವಲ್ಪ ಭಾರ ಆಯಿತು. ಬಿಸಿನೀರಿನ ಸುಖ ಎಂದುಕೊಂಡರು. ಕಣ್ಣು ಎಳೆಯಿತು. ಅದೂ ಸುಖವೇ ಎಂದುಕೊಂಡರು.

ಆಮೇಲೆ ಅವರಿಗೆ ಗೊತ್ತಾದದ್ದು, ತಾವು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದೇವೆ ಎಂಬುದು. ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಮೈಮೇಲೆ ಒರೆಸುವ ಬೈರಾಸೂ ಇಲ್ಲ, ಬದಲಿಗೆ ಅಂಚಿಗೆ ಗುಲಾಬಿ ಹೂವಿರುವ ಬಿಳಿ ಡಬಲ್ ಬೆಡ್‌ಶೀಟು ಸುತ್ತಿಕೊಂಡಿತ್ತು. ಎದುರಿಗೆ ಓಣಿಯವರೆಲ್ಲ ಕೊಡೆ ಹಿಡಿದು ನಿಂತಿದ್ದರು.

ನಡೆದದ್ದನ್ನು ಸುಜಿತ್ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹೇಳಿದ. ಗ್ಲ್ಯಾಡಿಸ್ ಬಾಯಿ ಆ ಹೊತ್ತಿಗೆ ಜಗಳಕ್ಕೆಂದೇ ಬಂದಿದ್ದರಂತೆ. ಮಗಳು ದುಬೈಯಿಂದ ಕಳಿಸಿದ ಬೆಡ್‌ಶೀಟಿನ ತುಂಬ ಮಸಿಯ ಚುಕ್ಕೆ, ಅದನ್ನೇ ಸಾಕ್ಷಿಗೆ ಕೈಯಲ್ಲಿ ಹಿಡಿದು ತಂದಿದ್ದರು. ಶೆಟ್ಟರನ್ನು ಕರೆಯಿರಿ ಎಂದರು. ಬಾತ್‌ರೂಮಿನಿಂದ ನೀರಿನ ಸದ್ದೂ ಇಲ್ಲ, ಮಾತೂ ಇಲ್ಲ. ಸುಜಿತ್ ಬಾಗಿಲು ಒದ್ದು ಮುರಿದ. ಗ್ಲ್ಯಾಡಿಸ್ ಬಾಯಿ ಉಸಿರು ಬಿಗಿಹಿಡಿದು ನುಗ್ಗಿದವರೇ ಕಿಟಕಿ ತೆಗೆದು, ಇಬ್ಬರೂ ಸೇರಿ ಶೆಟ್ಟರನ್ನು ಗಾಳಿಗೆ ಎಳೆದು ತಂದರು. ಮಾನ ಮುಚ್ಚಲಿಕ್ಕೆ ಸಿಕ್ಕಿದ್ದು ಆ ಸಾಕ್ಷಿ ಒಂದೇ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಗಾಳಿ ಸಾಲದೆ ಉರಿಯುವ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ ಎಂದರು ಡಾಕ್ಟರು. ಹೊಗೆ ಇಲ್ಲದ ಕೆಂಡದಿಂದಲೂ ಬರುತ್ತದೆ. ಮೊದಲು ತಲೆಭಾರ, ಆಮೇಲೆ ನಿದ್ರೆ. ಇನ್ನು ಸ್ವಲ್ಪ ತಡವಾಗಿದ್ದರೆ ಆ ನಿದ್ರೆಯಿಂದ ಏಳುತ್ತಿರಲಿಲ್ಲ.

ಶೆಟ್ಟರು ತಲೆ ಆಡಿಸಿದರು, ನಂಬಲಿಲ್ಲ. ಮರುದಿನ ಮನೆಗೆ ಮರಳಿ, ನೋಡಲು ಬಂದವರಿಗೆಲ್ಲ ಗ್ಯಾಸ್ಟ್ರಿಕ್ ಎಂದೇ ಹೇಳಿದರು. ರಾತ್ರಿ ತಿಂದ ಬಂಗುಡೆ ಮೀನು ಸರಿ ಇರಲಿಲ್ಲ ಎಂದು, ಪಾಪದ ಬಂಗುಡೆಯ ಮೇಲೆ ತಪ್ಪು ಹೊರಿಸಿದರು. ಅಜ್ಜನ ಕಾಲದಿಂದ ಇದೇ ಹಂಡೆ, ಯಾರಿಗೆ ಎಂತ ಆಗಿದೆ ಎಂದು ಕೇಳಿದರು.

"ಅಜ್ಜನ ಬಚ್ಚಲಿಗೆ ಹಂಚಿನ ಮಾಡು ಇತ್ತು ಶೆಟ್ರೇ, ಕಿಟಕಿಗೆ ಗಾಜಿರಲಿಲ್ಲ," ಎಂದರು ನೋಡಲು ಬಂದಿದ್ದ ಗ್ಲ್ಯಾಡಿಸ್ ಬಾಯಿ. "ನೀವು ಒಲೆ ಮಾತ್ರ ಒಳಗೆ ತಂದ್ರಿ, ಗಾಳಿ ಹೊರಗೇ ಉಳಿಯಿತು."

"ಹಾಗಾದರೆ ಒಲೆ ಬಿಸಾಡಬೇಕಾ?"

"ಬಿಸಾಡಿ ಅಂತ ಯಾರು ಹೇಳಿದ್ದು? ನಮ್ಮಲ್ಲೂ ಉಂಟಲ್ಲ ಒಲೆ. ಬಂದು ನೋಡಿ."

ನೋಡುವುದಕ್ಕೆಲ್ಲ ಪುರುಸೊತ್ತಿಲ್ಲ, ನಾಳೆಯಿಂದ ಅದೇ ಬಚ್ಚಲು, ಅದೇ ಸ್ನಾನ ಎಂದು ಶೆಟ್ಟರು ಎದ್ದರು. ಅಷ್ಟರಲ್ಲಿ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ಜಲಜಾಕ್ಷಿ ಮಾತು ತೆಗೆದರು.

"ನಿನ್ನೆ ನಾನು ನಿಮ್ಮನ್ನು ಹೆಸರು ಹಿಡಿದು ಕರೆದೆ," ಎಂದರು.

ಶೆಟ್ಟರು ನಿಂತರು. ಮದುವೆಯಾದಂದಿನಿಂದ ಜಲಜಾಕ್ಷಿ ಗಂಡನನ್ನು ಕರೆದದ್ದೆಲ್ಲ ಹೋಯ್ ಎಂದು, ಕೇಳಿತಾ ಎಂದು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೂ ಆಧಾರ್ ಕಾರ್ಡು ತೋರಿಸುವವರು.

"ಮೊದಲು ಹೋಯ್ ಅಂದೆ. ಬಾಗಿಲು ಬಡಿದೆ. ಆಮೇಲೆ ಚಿತ್ತರಂಜನ, ಚಿತ್ತರಂಜನ ಅಂತ ಕಿರುಚಿದೆ, ಓಣಿಯವರಿಗೆಲ್ಲ ಕೇಳಿತು. ನಿಮಗೆ ಒಬ್ಬರಿಗೆ ಕೇಳಲಿಲ್ಲ." ಅವರು ಗಂಡನ ಎದುರಿಗೆ ಬಂದು ನಿಂತರು. "ಇನ್ನು ಬಂಗುಡೆಯ ಕಥೆ ನನ್ನ ಹತ್ತಿರ ಹೇಳಬೇಡಿ."

ಶೆಟ್ಟರು ಚಪ್ಪಲಿ ಹಾಕಿಕೊಂಡು, ಬಾಯಿಯ ಒಲೆ ನೋಡುವ ಎಂದು ಅವರೇ ಮುಂದೆ ನಡೆದರು.

ಬಾಯಿಯ ಒಲೆ ಬಚ್ಚಲಿನ ಹೊರಗೋಡೆಗೆ ತಾಗಿ, ತಗಡಿನ ಮಾಡಿನ ಕೆಳಗೆ ಇತ್ತು. ಬೆಂಕಿ ಹೊರಗೆ, ನೀರು ಮಾತ್ರ ನಳ್ಳಿಯಲ್ಲಿ ಒಳಗೆ. ಸೌದೆಯ ಅಡಿಗೆ ಕಬ್ಬಿಣದ ಜಾಲರಿ. ಅದರ ಕೆಳಗಿನಿಂದ ಗಾಳಿ ಬಂದು ಬೆಂಕಿ ನೀಟಾಗಿ ಉರಿಯುತ್ತಿತ್ತು. ಕೊಳವೆ ಮಾಡಿಗಿಂತ ಎತ್ತರ ಹೋಗಿತ್ತು, ಮಳೆನೀರು ಬೀಳದಂತೆ ತುದಿಗೆ ಟೊಪ್ಪಿ. ಒಣ ಸೌದೆಯನ್ನೂ ಗೆರಟೆಯನ್ನೂ ಮಾಡಿನಡಿಯೇ ಪೇರಿಸಿದ್ದರು. ತೊಟ್ಟೆ, ರಬ್ಬರು ಏನಿದ್ದರೂ ಕಸದ ಗಾಡಿಗೆ. ಶೆಟ್ಟರು ನೀರಿಗೆ ಬೆರಳು ಅದ್ದಿ ನೋಡಿ, ತಟ್ಟನೆ ಕೈ ಎಳೆದುಕೊಂಡರು. ಇಷ್ಟು ಬಿಸಿ ಇಷ್ಟೇ ಸೌದೆಯಲ್ಲಿಯಾ ಎಂದು ಕೇಳುವಾಗ ಅವರ ಮುಖದಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು.

ಅದೇ ವಾರ ಬೈಕಂಪಾಡಿಯ ವರ್ಕ್‌ಶಾಪಿನಿಂದ ತಗಡಿನ ಕೆಲಸದ ನಿಝಾರ್ ಬಂದು ಶೆಟ್ಟರ ಹಳೆಯ ಕೊಳವೆ ಕಳಚಿದ. ಅಂಗಳದಲ್ಲಿ ಅದನ್ನು ಕುಟ್ಟಿದಾಗ ಮಸಿ ಹೆಂಟೆ ಹೆಂಟೆಯಾಗಿ ಬಿತ್ತು. ಕರಗಿದ ಪ್ಲಾಸ್ಟಿಕ್ ಒಳಗೆ ಡಾಂಬರಿನ ಹಾಗೆ ಅಂಟಿ, ಬೆರಳು ತೂರುವಷ್ಟು ಜಾಗವೂ ಉಳಿದಿರಲಿಲ್ಲ. ಒಂದು ಕಡೆ ಹಾಲಿನ ತೊಟ್ಟೆಯ ನೀಲಿ ಬಣ್ಣ ಇನ್ನೂ ಕಾಣುತ್ತಿತ್ತು. ಶೆಟ್ಟರು ಕೊಳವೆಯ ಈ ತುದಿಯಿಂದ ಬಗ್ಗಿ ನೋಡಿದರು, ಆ ತುದಿಯ ಬೆಳಕು ಕಾಣಲಿಲ್ಲ. ಎದ್ದು ಹೋಗಿ ಒಲೆಗೆಂದು ಕೂಡಿಟ್ಟ ತೊಟ್ಟೆಯ ಗೋಣಿಯನ್ನು ಗೇಟಿನ ಹೊರಗೆ ಇಟ್ಟು ಬಂದರು.

ಈಗ ಹೊಸ ಒಲೆ ಹೊರಗೋಡೆಗೆ ಬಂದಿದೆ. ಕಿಟಕಿಯ ಗಾಜು ತೆಗೆದು ಜಾಲಿ ಹಾಕಿಸಿದ್ದಾರೆ. ಮಳೆಗಾಲದ ಮೊದಲು ಒಮ್ಮೆ, ನಡುವೆ ಮಸಿ ಕಂಡಾಗೊಮ್ಮೆ ಕೊಳವೆಗೆ ಬ್ರಷ್ ಹಾಕುವುದು ಶೆಟ್ಟರದ್ದೇ ಕೆಲಸ. ಮಾತ್ರವಲ್ಲ, ಈಗ ಅವರ ಹೊಸ ಉಪದ್ರ ಶುರುವಾಗಿದೆ. ನೆಂಟರ ಮನೆಗೆ ಹೋದರೆ ಕಾಫಿಗೆ ಮೊದಲು ಬಚ್ಚಲು ನೋಡುತ್ತಾರೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಹೊಸ ಮನೆಯವರನ್ನು ಬಾತ್‌ರೂಮಿನಲ್ಲಿ ನಿಲ್ಲಿಸಿ, ಈ ಗ್ಯಾಸ್ ಗೀಸರಿನಲ್ಲೂ ಉರಿಯುವುದು ಬೆಂಕಿಯೇ, ಇದನ್ನು ಹೊರಗೆ ಹಾಕಿಸಿ ಮಾರಾಯ್ರೇ ಎಂದು ಊಟ ತಣಿಯುವವರೆಗೆ ಬಿಡಲಿಲ್ಲ. ಜಲಜಾಕ್ಷಿಗೆ ನಾಚಿಕೆಯಾಗುತ್ತದೆ, ಆದರೆ ತಡೆಯುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೇಳಿಸಿಕೊಂಡವರು ಇವತ್ತೇ ಎದ್ದು ಹೋಗಿ ನಿಮ್ಮ ಬಚ್ಚಲನ್ನು ಒಮ್ಮೆ ನೋಡಿ. ಒಲೆಯಾಗಲಿ, ಗ್ಯಾಸ್ ಗೀಸರಾಗಲಿ, ಸ್ನಾನದ ಕೋಣೆಯ ಒಳಗೆ ಉಂಟಾ? ಹೊರಗೆ ಹಾಕಿಸಿ. ಅಷ್ಟರವರೆಗೆ ಅಲ್ಲಿ ಬೆಂಕಿ, ಕೆಂಡ ಇರುವಾಗ ಸ್ನಾನಕ್ಕೆ ಹೋಗಬೇಡಿ, ನೀರನ್ನು ಬಕೆಟಿನಲ್ಲಿ ಬೇರೆ ಕಡೆ ತೆಗೆದುಕೊಂಡು ಹೋಗಿ. ಗಾಳಿ ಬರುವ ದಾರಿಯನ್ನು ಮಳೆ ಬಂದರೂ ಮುಚ್ಚಬೇಡಿ. ಕೊಳವೆ ಕಳಚಿ ಬೆಳಕಿಗೆ ಹಿಡಿಯಿರಿ. ಒಲೆಗೆ ಒಣ ಸೌದೆ, ಗೆರಟೆ ಮಾತ್ರ ಹಾಕಿ, ಪ್ಲಾಸ್ಟಿಕ್ ಬೇಡ. ಒಲೆಯ ಹತ್ತಿರ ತಲೆ ಭಾರವಾದರೆ, ನಿದ್ರೆ ಬಂದ ಹಾಗಾದರೆ ಸುಖ ಎಂದು ಕೂರಬೇಡಿ, ಕೂಡಲೇ ಗಾಳಿಗೆ ಬನ್ನಿ, ಡಾಕ್ಟರಿಗೆ ತೋರಿಸಿ. ಬಿಸಿನೀರಿನ ಸ್ನಾನ ಬೇಡ ಎಂದು ಯಾರೂ ಹೇಳುವುದಿಲ್ಲ. ಸ್ನಾನಕ್ಕೆ ಹೋದವರು ಸ್ನಾನ ಮುಗಿಸಿ, ತಮ್ಮ ಕಾಲಲ್ಲೇ ನಡೆದು ಹೊರಗೆ ಬರಬೇಕು, ಅಷ್ಟೇ.