ಗಿಡಕ್ಕೆಂದು ತೆರೆದ ಪರದೆ

ಮತ್ತೆ ಕಂದೇ. ಪ್ರಯೋಗಾಲಯದಲ್ಲಿ ಅವನು ಮೂರು ಗಂಟೆ ಬಿಸಿ ಮಾಡಿದರೂ ಬಾಟಲಿಯೊಳಗಿನ ಗ್ರಾಫೀನ್ ದ್ರಾವಣ ಕಪ್ಪಾಗುವ ಸುಳಿವಿಲ್ಲ.

ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ತೆಳ್ಳಗಿನ ಇಂಗಾಲದ ಹಾಳೆ. ತನ್ನ ಪಾಡಿಗೆ ಬಿಟ್ಟರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಆಮ್ಲ ಹಾಕಿ ಗಾಯ ಮಾಡಿದರೇ ಆಮ್ಲಜನಕ ಬಂದು ಅಂಟುವುದು; ಆಗ ಬಣ್ಣ ಕಂದು, ಅದು ಬಿಟ್ಟುಹೋದರೆ ಕಪ್ಪು. ಅಂಟಿದ್ದನ್ನು ಬೇಕಾದಷ್ಟೇ ಬಿಡಿಸಿ ಬೇಕಾದಲ್ಲಿ ನಿಲ್ಲಿಸಬಲ್ಲೆ ಎಂದು ಅವನು ಪ್ರಬಂಧ ಬರೆದಿದ್ದ. ಹನ್ನೊಂದು ವರ್ಷದ ದುಡಿಮೆ. ಬೇರೆ ಯಾರು ಮಾಡಿದರೂ ಅದು ಬರಲಿಲ್ಲ. ಇವತ್ತು ನಾಲ್ಕಕ್ಕೆ ನಿರ್ದೇಶಕರ ಎದುರು ಮಾಡಿ ತೋರಿಸಬೇಕು, ಇಲ್ಲವೇ ಪ್ರಬಂಧ ಹಿಂತೆಗೆದುಕೊಳ್ಳಬೇಕು.

ಒಲೆ ಸರಿಯಿಲ್ಲ, ನೀರು ಸರಿಯಿಲ್ಲ ಎಂದು ಬೆಳಗಿನಿಂದ ಗೊಣಗಿದ್ದಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು.

ನೆಲ ಒರೆಸುವ ಹೆಂಗಸು ಬಂದವಳೇ ದೀಪ ಹಾಕಿದಳು. ಹಗಲಲ್ಲೇ ದೀಪ ಬೇಕಾಗಿದೆ ಎಂಬುದು ಆಗ ಅವನಿಗೆ ಹೊಳೆಯಿತು.

"ಪರದೆ ಯಾಕೆ ಎಳೆದಿದೀರಿ?"

"ಮೇಡಂ ಗಿಡ ಒಣಗಿಹೋಯ್ತಲ್ಲ ಸಾರ್. ಹೋದ ತಿಂಗಳೇ ಎಸೆದೆ. ಇನ್ನು ಬಿಸಿಲು ಯಾರಿಗೆ ಬೇಕು ಅಂತ."

ಅವನು ಕುಳಿತುಬಿಟ್ಟ. ಬಿಸಿ ಮಾಡುವ ಮುಂಚೆ ಬಾಟಲಿಗಳನ್ನು ಎರಡು ದಿನ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದ. ಮೇಜಿನಲ್ಲಿ ಜಾಗವಿರಲಿಲ್ಲ, ಅಷ್ಟೇ. ಪ್ರಬಂಧದಲ್ಲಿ ಅದನ್ನು ಬರೆದೂ ಇರಲಿಲ್ಲ. ಪರದೆ ತೆರೆದಿರುತ್ತಿದ್ದದ್ದು ಹೆಂಡತಿಯ ಗಿಡಕ್ಕೆ. ಅಂಟಿದ್ದನ್ನು ಬಿಡಿಸುತ್ತಿದ್ದದ್ದು ಆ ಬಿಸಿಲು. ಹಾಗಾದರೆ ತಾನು ಮಾಡಿದ್ದೇನು? ನಾಚಿಕೆಯಾಗುವ ಬದಲು ಸುಸ್ತಾಯಿತು.

ಪ್ರತಿ ಶನಿವಾರ ಬಂದು ಗಿಡಕ್ಕೆ ನೀರು ಹಾಕುತ್ತಿದ್ದವಳು ಅಣ್ಣನ ಮನೆ ಸೇರಿ ಮೂರು ತಿಂಗಳಾಗಿತ್ತು. ಅವನು ಫೋನ್ ಮಾಡಿದ.

"ಏನ್ರೀ, ಈ ಹೊತ್ತಲ್ಲಿ?"

"ಸುಮ್ಮನೆ."

"ಸುಮ್ಮಸುಮ್ಮನೆ ಫೋನ್ ಮಾಡೋರಲ್ಲ ನೀವು."

ಅವನು ಬಾಟಲಿಯ ಮುಚ್ಚಳ ತಿರುಗಿಸಿದ.

"ಗಿಡ ಹೇಗಿದೆ?"

"ಚೆನ್ನಾಗಿದೆ."

"ನೀರು ಹಾಕ್ತಿದೀರಾ?"

"ಹೂಂ."

"ಸರಿ, ಭಾನುವಾರ ಬಂದು ತಗೊಂಡು ಹೋಗ್ತೀನಿ. ನನ್ನದು ಅಂತ ಅಲ್ಲಿ ಉಳಿದಿರೋದು ಅದೊಂದೇ."

ನಾಲ್ಕಕ್ಕೆ ಐದು ನಿಮಿಷವಿತ್ತು. ಅವನು ಪರದೆ ಸರಿಸಿದ. ಬಿಸಿಲು ಆಗಲೇ ಎದುರಿನ ಕಟ್ಟಡದ ಹಿಂದೆ ಸರಿದಿತ್ತು. ಕಟ್ಟೆಯ ಮೇಲೆ ಕುಂಡ ಇದ್ದಲ್ಲಿ ದುಂಡನೆಯ ಕಲೆ, ಪಕ್ಕದಲ್ಲಿ ಅವಳ ನೀರಿನ ಮಗ್ಗು.

ಬಾಗಿಲು ತಟ್ಟಿದ ಸದ್ದಾಯಿತು. "ತಯಾರಾ?" ನಿರ್ದೇಶಕರ ದನಿ.

"ಒಂದು ನಿಮಿಷ ಸಾರ್."

ಅವನು ಮಗ್ಗಿಗೆ ನಲ್ಲಿಯಿಂದ ನೀರು ತುಂಬಿಸಿಕೊಂಡು ಬಂದು ಆ ಬರಿಯ ಕಲೆಗೆ ನಿಧಾನವಾಗಿ ಹಾಕತೊಡಗಿದ. ನೀರು ಕಟ್ಟೆಯಿಂದ ಇಳಿದು ಅವನ ಬೂಟಿನೊಳಗೆ ಹೋಗುತ್ತಿತ್ತು.