ಮಗ ಎಂಬ ಮಾತು

ನಾಗವ್ವ ನವಲಗುಂದದ ಹತ್ತಿರದ ಹಳ್ಳಿಯಿಂದ ಪುಣೆಗೆ ಬಂದು ಎಂಟೇ ದಿನವಾಗಿತ್ತು. ಮಗ ಬಸವಪ್ರಭು ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡಿಯೊಂದರಲ್ಲಿ ಗುಮಾಸ್ತ. ಆವತ್ತು ಬೆಳಿಗ್ಗೆ ಅಲ್ಲೇ ಚೀಲಗಳ ನಡುವೆ ಕುಸಿದುಬಿದ್ದ. ಹಮಾಲರು ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಸುದ್ದಿ ತಿಳಿದು, ಸಾಯಲಿ ಎಂಬ ಹೆಸರಿನ ಸೊಸೆ ಅತ್ತೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಓಡಿಬಂದಳು.

ಸಾಯಲಿ ಮರಾಠಿಯವಳು. ಉಣ್ರಿ, ಬರ್ರಿ, ಸಾಕ್ರಿ, ಹಾಲಿಲ್ರಿ ಎನ್ನುವಷ್ಟು ಕನ್ನಡವನ್ನು ಗಂಡ ಕಲಿಸಿದ್ದ. ನಾಗವ್ವನಿಗೆ ಮರಾಠಿ ಅಷ್ಟೂ ಬಾರದು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಸಾಯಲಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳತೊಡಗಿದರು. ನಾಗವ್ವ ಅವರ ಬಾಯನ್ನೇ ನೋಡುತ್ತ ನಿಂತಳು. ಒಂದು ಮಾತಿನ ಹೊರತು ಏನೂ ತಿಳಿಯಲಿಲ್ಲ. ಮಗ. ಸ್ವಲ್ಪ ಹೊತ್ತಿಗೆ ಮತ್ತೆ, ಮಗ. ಕೊನೆಯ ಸ್ವರ ನುಂಗಿದಂತಿತ್ತು, ಆದರೂ ಅದೇ ಮಾತು. ಐದಾರು ಸಲ ಅಂದರು. ನನ್ನ ಮಗನ ಮೇಲೆ ಇವರಿಗೆಷ್ಟು ಅಕ್ಕರೆ ಎನಿಸಿ ಅವಳ ಎದೆ ಹಗುರಾಯಿತು. ಕೈಮುಗಿದಳು. ಡಾಕ್ಟರು ತಲೆ ತಗ್ಗಿಸಿ ಹೋದರು.

"ಮಗಾ ಮಗಾ ಅಂತ ಭಾಳ ಸಲ ಅಂದ್ರಲ್ಲ ಸಾಯಲಿ, ಮನಿಗೆ ಯಾವಾಗ ಕಳಸ್ತಾರಂತ?"

ಸಾಯಲಿ ಅತ್ತೆಯ ಕೈ ಹಿಡಿದುಕೊಂಡಳು. ಮರಾಠಿಯಲ್ಲಿ ಮಗ ಅಂದರೆ 'ಆಮೇಲೆ'. ಇಂಜೆಕ್ಷನ್ ಕೊಟ್ಟೆವು, ಆಮೇಲೆ ತುಸು ಚೇತರಿಸಿಕೊಂಡರು, ಆಮೇಲೆ ಮತ್ತೆ ಎದೆ ಹಿಡಿಯಿತು. ಡಾಕ್ಟರು ಹೇಳಿದ್ದು ಅದು. ತೀರಿಕೊಂಡರು ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

"ಅತ್ತಿ... ಮಗ ಇಲ್ರಿ."

"ಇಲ್ಲೆ ಇಲ್ಲೇನು? ಮತ್ತೆಲ್ಲಿಗೆ ಒಯ್ದಾರ?"

ಸಾಯಲಿ ನೆಲಕ್ಕೆ ಕುಸಿದು ಅತ್ತೆಯ ಕಾಲು ತಬ್ಬಿಕೊಂಡು ಅತ್ತಳು. ನಾಗವ್ವನಿಗೆ ಆಗ ತಿಳಿಯಿತು. ಅವಳು ಅಳಲಿಲ್ಲ.

ಮುಂದೆ ಹದಿನೈದು ದಿನ, ಮಾತಾಡಿಸಲು ಬಂದವರಿಗೆಲ್ಲ ಸಾಯಲಿ ನಡೆದದ್ದನ್ನು ಹೇಳಬೇಕಾಯಿತು. 'ಮಗ' ಎಂದಾಗಲೆಲ್ಲ ಮೂಲೆಯಲ್ಲಿ ಕುಳಿತ ಅತ್ತೆ ಕತ್ತೆತ್ತುತ್ತಿದ್ದಳು. ಅದನ್ನು ಕಂಡು ಸಾಯಲಿ ಅದರ ಬದಲು, ಮರಾಠಿಯಲ್ಲೂ ಇರುವ 'ನಂತರ' ಎಂಬ ಮಾತನ್ನು ಆಡತೊಡಗಿದಳು. ರೂಢಿಯಿಲ್ಲದೆ ನಾಲಿಗೆ ತಡವರಿಸುತ್ತಿತ್ತು.

ಊರಿಗೆ ಹೊರಡುವ ಮುನ್ನಾದಿನ ನಾಗವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೇಳಿದಳು.

"ಅವತ್ತ ಡಾಕ್ಟರು ಏನೇನಂದ್ರು, ಒಂದೂ ಬಿಡದಂಗ ಹೇಳು. ಅವರು ಹೆಂಗಂದ್ರೋ ಹಂಗ."

ಸಾಯಲಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು. ಮಗ ಎನ್ನುವಲ್ಲಿ ಮಗ ಎಂದೇ ಅಂದಳು.

"ಮಗ... ಪಾಣೀ. ನೀರ ಕೇಳಿದ್ರಂತ."

"ಕೊಟ್ರಂತೇನು?"

"ಹೌದ್ರಿ. ಚಮಚಾದಾಗ. ಎರಡ ಗುಟುಕು."

ನಾಗವ್ವ ಮೊರ ಕೆಳಗಿಟ್ಟಳು. ಇಷ್ಟು ದಿನ ಬಾರದಿದ್ದ ಅಳು ಈಗ ಬಂತು. ಸಾಯಲಿ ಗ್ಯಾಸ್ ಆರಿಸಿ ಅವಳ ಪಕ್ಕದಲ್ಲಿ ಕುಳಿತಳು. ಮರುದಿನದ ಬಸ್ಸಿಗೆ ನಾಗವ್ವ ಹೋಗಲಿಲ್ಲ.