ಗೋಲಿಯ ಕತ್ತು

ಬೆಳಕಿನದೊಂದು ಬಿಲ್ಲೆ ಚಾವಣಿಯ ಮೇಲೆ ಅಲ್ಲಾಡುತ್ತಿದೆ, ಆ ಕಡೆಯಿಂದ ಈ ಕಡೆಗೆ, ಮತ್ತೆ ಆ ಕಡೆಗೆ, ಗಂಗಲಕ್ಷ್ಮಿ ಜಗಲಿಯಲ್ಲಿ ಕೂತು ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿರಬೇಕು, ತಟ್ಟೆಗೆ ಬಿದ್ದ ಬಿಸಿಲು ಇಲ್ಲಿಗೆ ಬರುತ್ತದೆ, ಸದ್ಯಕ್ಕೆ ಇದೇ ನನ್ನ ಟೀವಿ — ಕತ್ತಿಗೆ ಪಟ್ಟಿ ಬಿಗಿದಿದ್ದಾರೆ, ಚಾವಣಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗೋಡೆಯಾಚೆ ಮಗ್ಗ ಓಡುತ್ತಿದೆ, ಮಗ ಕುಮಾರ ಒಬ್ಬನೇ ಎರಡೂ ಮಗ್ಗ ನೋಡಿಕೊಳ್ಳುತ್ತಾನೆ, ಸದ್ದು ಕಿವಿಗೆ ಬರುತ್ತದೆ, ಅದರ ನಡುಕ ಮಾತ್ರ ಬರುವುದಿಲ್ಲ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ನೆಲ ಅಂದರೆ ನಡುಗುವಂಥದ್ದು, ಅಂಗಾಲಿನಿಂದ ಹತ್ತಿ ಮೊಣಕಾಲಿಗೆ ಬಂದು ಕೂರುತ್ತಿತ್ತು, ಊಟಕ್ಕೆ ಕೂತರೆ ತಟ್ಟೆಯೂ ನಡುಗುತ್ತಿತ್ತು, ಈಗ ಕತ್ತಿನಿಂದ ಕೆಳಗೆ ಇದ್ದೇನೋ ಇಲ್ಲವೋ ಬೇರೆಯವರು ಹೇಳಬೇಕು. ಬೇಜಾರು ಅನ್ನೋಣವೆಂದರೆ ಅದೂ ಇಲ್ಲ, ಅಳು ಬರಬೇಕಿತ್ತು, ಬರಲಿಲ್ಲ. ಇರಲಾರದೆ ಇರುವೆ ಬಿಟ್ಕೊಂಡ ಅಂತ ಅಮ್ಮ ಬೈಯುತ್ತಿದ್ದಳು, ಈಗ ನಿಜಕ್ಕೂ ಒಂದು ಗೂಡು ಇರುವೆ ತಂದು ಬಿಟ್ಟರೂ ನನಗೆ ಗೊತ್ತಾಗುವುದಿಲ್ಲ. ರೀ, ರುಕ್ಮಿಣಿ ಬರ್ತಾವ್ಳಂತೆ, ದೊಡ್ಡಬೆಳವಂಗಲದಲ್ಲಿ ಬಸ್ ಹತ್ತವ್ಳಂತೆ, ಗಂಗಲಕ್ಷ್ಮಿ ಜಗಲಿಯಿಂದಲೇ ಕೂಗುತ್ತಾಳೆ, ಬರ್ಲಿ ಬಿಡು ಎನ್ನುತ್ತೇನೆ, ನನ್ನ ತಂಗಿ, ಆಪರೇಷನ್ ಆದಮೇಲೆ ಮೊದಲ ಸಲ ಬರುತ್ತಿದ್ದಾಳೆ, ಆಸ್ಪತ್ರೆಗೆ ಬಂದಿರಲಿಲ್ಲ, ಯಾಕೆ ಬಂದಿರಲಿಲ್ಲ ಎಂದು ಗಂಗಲಕ್ಷ್ಮಿಗೆ ಸಿಟ್ಟು, ನನಗೆ ಗೊತ್ತು ಯಾಕೆಂದು. ಬಂದು ಏನು ಕೇಳುತ್ತಾಳೆ ಅದೂ ಗೊತ್ತು. ನನ್ನ ಕಾಲಿಂದಾನಾ ಅಣ್ಣಯ್ಯ? ಅಲ್ಲ ಅನ್ನಬೇಕು, ಅಷ್ಟೇ ಈಗ ನನಗೆ ಉಳಿದಿರುವ ಕೆಲಸ, ಬಾಯಿ ಒಂದು ಸರಿಯಾಗಿದೆ, ಅಲ್ಲ ಅನ್ನಲು ಅದು ಸಾಕು.

ಬೈರಣ್ಣ ಮೇಷ್ಟ್ರು ಇದ್ದಿದ್ದರೆ ಏನೆನ್ನುತ್ತಿದ್ದರೋ, ಅವರು ಬೆಂಗಳೂರಿನ ಗಿರಣಿಯಲ್ಲಿದ್ದವರು, ಗಿರಣಿಯ ಫುಟ್‌ಬಾಲ್ ಟೀಮಿನಲ್ಲಿ ಆಡಿದವರು, ಅಲ್ಲಿನ ಇಂಗ್ಲಿಷ್ ಮೇಲ್ವಿಚಾರಕನ ಬಾಯಲ್ಲಿ ಕೇಳಿದ್ದನ್ನೆಲ್ಲ ಹೊತ್ತು ತಂದು ನಾಗರಕೆರೆ ಪಕ್ಕದ ಬಯಲಲ್ಲಿ ಮಗ್ಗದ ಹುಡುಗರಾದ ನಮ್ಮ ತಲೆಗೆ ಸುರಿದವರು. ಇಂಗ್ಲೆಂಡನ್ನು ಅವರೂ ನೋಡಿರಲಿಲ್ಲ ನಾವೂ ನೋಡಿರಲಿಲ್ಲ, ಆದರೆ ಅಲ್ಲಿನ ಆಟಗಾರರೆಲ್ಲ ನಮಗೆ ಪಕ್ಕದ ಬೀದಿಯವರ ಹಾಗೆ. ಮೂವತ್ತೆಂಟು ವರ್ಷದ ಮುದುಕಪ್ಪ ಕಣ್ರಲಾ, ಎರಡು ಫೈನಲ್ ಸೋತಿದ್ದ, ಐವತ್ಮೂರರಲ್ಲಿ ಮೂರನೇದು, ಮೂರು-ಒಂದರಲ್ಲಿ ಹಿಂದಿದ್ರು, ಆವಾಗ ಬಲಗಡೆ ಅಂಚು ಹಿಡಿದು ಓಡಕ್ಕೆ ಶುರು ಮಾಡ್ದ ನೋಡು, ನಾಲ್ಕು-ಮೂರು! ಎಂದು ಮೇಷ್ಟ್ರು ಪಂಚೆ ಎತ್ತಿಕಟ್ಟಿ ತಾವೇ ಓಡಿ ತೋರಿಸುತ್ತಿದ್ದರು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹಿಮ ಬಿದ್ದ ನೆಲದಲ್ಲಿ ಮೇಲೇಳಲಾರದೆ ಒಡೆದುಹೋದ ವಿಮಾನ, ಐವತ್ತೆಂಟರಲ್ಲಿ, ಒಂದು ಟೀಮಿಗೆ ಟೀಮೇ ಅದರಲ್ಲಿತ್ತು, ಬದುಕಿ ಈಚೆಗೆ ಬಂದ ಗೋಲಿ ಐರ್ಲೆಂಡಿನವನು, ಓಡು ಓಡು ಎಂದು ಕೂಗಿದರೂ ತಿರುಗಿ ಒಳಗೆ ನುಗ್ಗಿ ಒಂದು ಮಗುವನ್ನು ಎತ್ತಿ ತಂದ, ಮತ್ತೆ ಹೋಗಿ ಅದರ ತಾಯಿಯನ್ನು ತಂದ, ಗೋಲಿ ಆದೋನು ಹಂಗಿರ್ಬೇಕು ಅಂಜಿನಪ್ಪ, ಬಿಟ್ಟು ಓಡ್ಬಾರ್ದು. ಗೋಲ್ ಕಾಯುವವನಿಗೆ ನಮ್ಮಲ್ಲಿ ಗೋಲಿ ಅನ್ನುತ್ತೇವೆ, ರಾಮಾಂಜಿನಪ್ಪ ಅಂದರೆ ಊರಲ್ಲಿ ಯಾರಿಗೂ ಗೊತ್ತಾಗದು, ಗೋಲಿ ಅಂಜಿನಪ್ಪನ ಮನೆ ಎಲ್ಲಿ ಅಂದರೆ ಬಸ್‌ಸ್ಟ್ಯಾಂಡಿನಿಂದಲೇ ದಾರಿ ತೋರಿಸುತ್ತಾರೆ. ದೇವನಹಳ್ಳಿ ಕಡೆಗೆ ಇಳಿಯುವ ವಿಮಾನವೊಂದು ಈಗ ಮನೆಯ ಮೇಲೇ ಹೋಯಿತು, ಮಗ್ಗದ ಸದ್ದನ್ನೂ ನುಂಗಿಕೊಂಡು, ಸದ್ದು ಇಳಿದಮೇಲೆ ಮಗ್ಗ ಮತ್ತೆ ಕೇಳಿಸುತ್ತಿದೆ. ಮೇಷ್ಟ್ರು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಐವತ್ತಾರರ ಜರ್ಮನಿಯ ಗೋಲಿಯದು, ಯುದ್ಧದಲ್ಲಿ ಸೆರೆಸಿಕ್ಕು ಇಂಗ್ಲೆಂಡಿಗೆ ಬಂದವನು ಅಲ್ಲೇ ಉಳಿದು ಮ್ಯಾಂಚೆಸ್ಟರಿನ ಟೀಮಿಗೆ ಗೋಲ್ ಕಾದ, ಫೈನಲ್ಲಿನಲ್ಲಿ ಎದುರಾಳಿಯ ಕಾಲಿಗೆ ಅಡ್ಡಬಿದ್ದು ಚೆಂಡು ಹಿಡಿದ, ಮೊಣಕಾಲು ಕತ್ತಿಗೆ ಬಡಿಯಿತು, ಆಗ ಬದಲಿ ಆಟಗಾರ ಅನ್ನುವುದೇ ಇರಲಿಲ್ಲ, ಎದ್ದು ನಿಂತು ಕತ್ತು ಹಿಡಿದುಕೊಂಡೇ ಆಟ ಮುಗಿಸಿದ, ಗೆದ್ದರು, ಪದಕ ಕೊಡುವಾಗ ರಾಣಿಯ ಗಂಡನಿಗೂ ಆ ಕತ್ತು ಸೊಟ್ಟಗೆ ಕಂಡಿತಂತೆ, ಆಸ್ಪತ್ರೆಯವರು ಉಳುಕಿದೆ ಹೋಗುತ್ತೆ ಅಂದರಂತೆ, ಕೆಲವು ದಿನ ಬಿಟ್ಟು ಇನ್ನೊಂದು ಕಡೆ ಎಕ್ಸ್‌ರೇ ತೆಗೆದರೆ — ಮುರಿದಿದೆ! ಕತ್ತು ಮುರಿದಿದೆ! ಮುರಿದ ಎರಡನೇ ಮೂಳೆಗೆ ಮೂರನೇ ಮೂಳೆ ಬೆಣೆಯ ಹಾಗೆ ಸಿಕ್ಕಿಕೊಂಡು ಅವನ ಜೀವ ಹಿಡಿದಿತ್ತಂತೆ. ಜಾಣ ಮೂಳೆ. ನನ್ನವಕ್ಕೆ ಆ ಬುದ್ಧಿ ಬರಲಿಲ್ಲ.

ಈ ವಯಸ್ಸಿಗೆ ಬೇಕಿತ್ತಾ ಎಂದು ಎಲ್ಲರೂ ಕೇಳಿ ಆಯಿತು, ರಾಜ್ಯೋತ್ಸವದ ದಿನ ಹಳಬರಿಗೂ ಹುಡುಗರಿಗೂ ವರ್ಷವರ್ಷ ಮ್ಯಾಚು, ಬಾವುಟ ಹಾರಿಸಿ ಚಿತ್ರಾನ್ನ ತಿಂದು ಹೊಟ್ಟೆ ಮುಂದೆ ಬಿಟ್ಟುಕೊಂಡು ಆಡುವುದು, ನಗುವುದಕ್ಕೆ ಆಡುವುದು, ಒಬ್ಬ ಹುಡುಗ ನುಗ್ಗಿಕೊಂಡು ಬಂದ, ಬಿಟ್ಟಿದ್ದರೆ ಏನಾಗುತ್ತಿತ್ತು, ಒಂದು ಗೋಲ್ ಆಗುತ್ತಿತ್ತು, ಹುಟ್ಟುಗುಣ ಸುಟ್ಟರೂ ಹೋಗದು, ನಾನು ಅವನ ಕಾಲಿಗೆ ಅಡ್ಡಬಿದ್ದೆ, ಚೆಂಡು ಎದೆಗೆ ಸಿಕ್ಕಿತು, ಅವನ ಮೊಣಕಾಲು ಕತ್ತಿಗೆ ಸಿಕ್ಕಿತು. ಲೇ ಅಂಜಿನಪ್ಪ, ಬಾರೋ ಈಚೆಗೆ, ನಾನ್ ನಿಂತ್ಕತೀನಿ ಎಂದು ನಮ್ಮ ಹಳಬರ ಟೀಮಿನ ಮುನಿಕೃಷ್ಣ ಹೊರಗಿನಿಂದ ಬನಿಯನ್ ಹಾಕಿಕೊಂಡು ತಯಾರಾಗಿದ್ದ, ಕೂತ್ಕೊಳಲೇ, ಆ ಜರ್ಮನಿಯೋನು ಈಚೆಗ್ ಬಂದಿದ್ನಾ ಅಂದೆ, ಹಾಗಂದದ್ದು ನಿಜ, ಕತ್ತು ಹಿಡಿದುಕೊಂಡು ನಿಂತಿದ್ದಾಗ ಒಳಗೊಳಗೆ ಕುಣಿಯುವಷ್ಟು ಖುಷಿ ಇತ್ತು, ಗೋಲೀ ಗೋಲೀ ಎಂದು ಜನ ಕೂಗುತ್ತಿದ್ದರು, ಕುಮಾರ ಫೋನಿನಲ್ಲಿ ಆ ಕಪ್ಪು-ಬಿಳುಪಿನ ಮ್ಯಾಚನ್ನು ಹುಡುಕಿ ಕೊಟ್ಟಾಗಿನಿಂದ ಎಷ್ಟು ಸಲ ನೋಡಿದ್ದೆನೋ, ಅವನು ತೂರಾಡುವುದು, ಕತ್ತಿಗೆ ಕೈಯಿಡುವುದು, ಆವತ್ತು ನಾನೇ ಅವನಾಗಿದ್ದೆ. ಮುಟ್ಠಾಳ. ಮನೆಗೆ ನಡೆದುಕೊಂಡೇ ಬಂದೆ. ಆಸ್ಪತ್ರೆಗೆ ಹೋಗಣ ಬಾಪ್ಪ ಎಂದ ಕುಮಾರ, ಉಳುಕಿದೆ ಕಣೋ ಅಷ್ಟೇ, ಆಸ್ಪತ್ರೆ ಯಾಕೆ, ನಮ್ಮನೇಲೇ ಡಾಕ್ಟ್ರು ಅವ್ಳಲ್ಲ, ನಿಮ್ಮ ರುಕ್ಮಿಣಿ ಅತ್ತೆಗೆ ಫೋನ್ ಹಾಕು ಅಂದೆ.

ರುಕ್ಮಿಣಿ ಕಾಲು ಮುಂದಾಗಿ ಹುಟ್ಟಿದವಳು. ನಾನು ಆಗ ಸಣ್ಣವನು, ಬಾಗಿಲ ಹೊರಗೆ ಕೂತಿದ್ದೆ, ಒಳಗೆ ಸೂಲಗಿತ್ತಿ ಅಯ್ಯೋ ಕಾಲು ಬಂತು ಕಾಲು ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ, ತಾಯಿ ಮಗು ಎರಡೂ ಉಳಿದರೆ ಮುನೇಶ್ವರನಿಗೆ ಹರಕೆ ಎಂದು ಅಜ್ಜಿ ಹೇಳಿಕೊಂಡಿದ್ದಳು, ಎರಡೂ ಉಳಿದವು, ಹಾಗೆ ಹುಟ್ಟಿದವರ ಕಾಲು ತಾಗಿದರೆ ಉಳುಕು ಹೋಗುತ್ತದೆ, ಇದು ಯಾರಿಗೆ ಗೊತ್ತಿಲ್ಲ, ಅವಳು ನಡೆಯುವುದನ್ನು ಕಲಿಯುವ ಮೊದಲೇ ಜನ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದರು, ಅಮ್ಮ ಅವಳನ್ನು ಕಂಕುಳಲ್ಲಿ ಹಿಡಿದು ಆ ಪುಟ್ಟ ಕಾಲನ್ನು ಅವರ ಬೆನ್ನಿಗೆ ತಾಗಿಸುತ್ತಿದ್ದಳು. ಕಪ್ಪು ಹುಡುಗಿ, ಓದಲಿಲ್ಲ, ಮಗ್ಗವೂ ಕೈಗೆ ಹತ್ತಲಿಲ್ಲ, ಮದುವೆ ತಡವಾಯಿತು, ಮಕ್ಕಳಾಗಲಿಲ್ಲ, ಕೊಟ್ಟ ಮನೆಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಎಡಗಾಲಿನದು, ಅತ್ತೆಯೇ ಎದ್ದು ಬಾಮ್ಮ ಜನ ಬಂದವ್ರೆ ಎಂದು ಕರೆಯುವಂತಾಯಿತು. ಗೋಲ್ ಕಾಯುವುದನ್ನು ನಾನು ಕಲಿತದ್ದೂ ಆ ಕಾಲಿನಿಂದಲೇ, ಸಂದಿಯಲ್ಲಿ ಮಗ್ಗದ ವೇಸ್ಟು ನೂಲನ್ನು ಸುತ್ತಿ ಸುತ್ತಿ ಚೆಂಡು ಮಾಡಿ ಒದಿ ರುಕ್ಕಿ ಒದಿ ಎನ್ನುತ್ತಿದ್ದೆ, ಲಂಗ ಎತ್ತಿಕೊಂಡು ಒದೆಯುತ್ತಿದ್ದಳು, ಒದೆಯೋದು ನಿನ್ ಕೆಲ್ಸ ಹಿಡಿಯೋದು ನನ್ ಕೆಲ್ಸ.

ಹೊಸ್ತಿಲ ಮೇಲೆ ಮಲಗಬೇಕು, ಬೆಳಗ್ಗೆ, ಬರಿಹೊಟ್ಟೆಯಲ್ಲಿ, ಮಾತಾಡಬಾರದು, ಮೂರು ಸಲ ಕಾಲು ತಾಗಿಸಿ ಅವಳು ತಿರುಗಿ ನೋಡದೆ ಹೊರಟುಬಿಡಬೇಕು, ಅದು ಕ್ರಮ. ಮ್ಯಾಚಿನ ಮಾರನೆ ಬೆಳಗ್ಗೆ ರುಕ್ಮಿಣಿ ಬಂದಾಗ ಗಂಗಲಕ್ಷ್ಮಿ ನೀರು ಹಿಡಿಯಲು ಹೋಗಿದ್ದಳು, ಕುಮಾರ ಎದ್ದಿರಲಿಲ್ಲ, ನಾನು ಶರಟಿನ ಗುಂಡಿಗಳನ್ನು ನಾನೇ ಬಿಚ್ಚಿದೆ, ನನ್ನ ಕಾಲಿನಲ್ಲೇ ನಡೆದು ಬಂದೆ, ಇದನ್ನು ಮರೆಯೋಣ ಎಂದರೆ ಆಗುವುದಿಲ್ಲ, ಗುಂಡಿ ಬಿಚ್ಚಿದ ಬೆರಳು ಇವೇ. ಸೊಂಟಕ್ಕಾದ್ರೆ ಸರಿ ಅಣ್ಣಯ್ಯ, ಕತ್ತಿಗೆ ನಾನ್ ಯಾವತ್ತೂ ಇಟ್ಟಿಲ್ಲ, ಭಯ ಆಯ್ತದೆ, ಬ್ಯಾಡ ಎಂದಳು, ಊರಿಗೆಲ್ಲ ಮಾಡ್ತೀಯ, ಒಡಹುಟ್ಟಿದೋನಿಗೆ ಮಾಡಲ್ವಾ ಅಂದೆ, ಹಿರಿಯಣ್ಣನಿಗೆ ಕಾಲು ತಾಗಿಸುವ ಪಾಪಕ್ಕೆ ಮೊದಲೇ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಕೆನ್ನೆ ಹೊಸ್ತಿಲಿಗೆ ಕೊಟ್ಟು ಮಲಗಿದ್ದೆ, ಕಣ್ಣಂಚಿನಲ್ಲಿ ಅವಳ ಎಡಗಾಲು ಕಾಣುತ್ತಿತ್ತು, ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಮೇಲೆ ಎದ್ದಿತು. ಒಂದು. ಹಗುರವಾಗಿ, ಬೆಕ್ಕು ಕಾಲಿಟ್ಟ ಹಾಗೆ. ಎರಡು. ಮೂರನೆಯದಕ್ಕೆ ಒಂದು ಚೂರು ಒತ್ತಿದಳು, ಗುಣವಾಗಲಿ ಎಂದು, ಪ್ರೀತಿಗೆ — ಒಳಗೆ ಏನೋ ಜರುಗಿತು, ಜುಮ್ಮೆಂದು ಬೆರಳ ತುದಿವರೆಗೂ ಹೋಯಿತು, ಆಮೇಲೆ ಬೆರಳೇ ಇಲ್ಲ, ಹೊಸ್ತಿಲೂ ಇಲ್ಲ. ಅವಳು ತಿರುಗಿ ನೋಡದೆ ಹೊರಟಿದ್ದಳು, ಕ್ರಮದಂತೆ, ಅಷ್ಟರಲ್ಲಿ ಗಂಗಲಕ್ಷ್ಮಿ ಬಿಂದಿಗೆ ಬಿಟ್ಟು ಕೂಗಿಕೊಂಡಳು.

ಬಿದ್ದ ಮೇಲೆ ಯಾರಾದ್ರೂ ಕತ್ತು ತಿರುಗಿಸಿದ್ರಾ ಯಜಮಾನ್ರೇ, ಉಜ್ಜಿದ್ರಾ, ಎಂದು ಡಾಕ್ಟರು ಕೇಳಿದರು, ಇಲ್ಲ ಸಾರ್, ಹೊಸ್ತಿಲ ಮೇಲೆ ಮಲಗಿದ್ದೆ, ಎದ್ದೇಳಕ್ಕೆ ಹೋದೆ, ಕೈ ಜಾರಿ ಬಿದ್ದೆ, ಎಲ್ಲರಿಗೂ ಇದನ್ನೇ ಹೇಳಿದ್ದೇನೆ. ಮ್ಯಾಚಿನಲ್ಲೇ ಮುರಿದಿತ್ತು, ಯಾವಾಗ ಬೇಕಾದ್ರೂ ಜರುಗಬೋದಿತ್ತು ಅಂದರು ಅವರು, ಇರಬಹುದು, ಕೆಮ್ಮಿದ್ದರೂ ಜರುಗುತ್ತಿತ್ತೋ ಏನೋ, ಆದರೆ ಕೆಮ್ಮಲಿಲ್ಲವಲ್ಲ. ಅವಳು ಈಗ ಯಾರಿಗೂ ಕಾಲು ತಾಗಿಸುತ್ತಿಲ್ಲವಂತೆ, ಸೊಂಟ ಹಿಡಿದು ಬಂದವರನ್ನು ಬಾಗಿಲಿಂದಲೇ ಕಳಿಸುತ್ತಾಳಂತೆ, ಊಟ ಸೇರುತ್ತಿಲ್ಲವಂತೆ, ಕಾಲು ಮಡಚಿ ಸೀರೆಯೊಳಗೆ ಬಚ್ಚಿಟ್ಟುಕೊಂಡು ಕೂರುತ್ತಾಳಂತೆ, ಅವಳ ಗಂಡ ಫೋನಿನಲ್ಲಿ ಹೇಳಿದ್ದನ್ನು ಗಂಗಲಕ್ಷ್ಮಿ ನನಗೆ ಹೇಳಿದಳು. ಅದೊಂದು ಕೇಳಿದಾಗ ಮಾತ್ರ ನನಗೆ ಸಂಕಟವಾಯಿತು, ಗಂಟಲಲ್ಲಿ, ಗಂಟಲವರೆಗೆ ಇನ್ನೂ ನಾನಿದ್ದೇನೆ.

ಬಂದಳು. ಚಪ್ಪಲಿ ಬಿಟ್ಟ ಸದ್ದು, ಗಂಗಲಕ್ಷ್ಮಿ ಬಾ ಎನ್ನಲಿಲ್ಲ, ಅಕ್ಕಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಬೆಳಕಿನ ಬಿಲ್ಲೆಯೂ ಹೋಯಿತು. ರುಕ್ಮಿಣಿ ಮಂಚದ ಕಾಲ ಕಡೆ ನಿಂತಿದ್ದಾಳೆ, ಕಾಣುವುದಿಲ್ಲ, ಉಸಿರು ಕೇಳುತ್ತದೆ. ಮುಂದೆ ಬಾ ರುಕ್ಕಿ, ಮುಖ ತೋರ್ಸು. ಇಲ್ಲೇ ಇರ್ತೀನಿ ಅಣ್ಣಯ್ಯ. ಊಟ ಮಾಡಿದ್ಯಾ? ಅಣ್ಣಯ್ಯ ನಿಜ ಹೇಳು, ದೇವ್ರಾಣೆ ನಿಜ ಹೇಳು, ನನ್ನ ಕಾಲಿಂದಾನಾ? ಲೇ ಹುಚ್ಚಿ, ಬೆಕ್ಕು ಕಾಲಿಟ್ಟಂಗಿತ್ತು, ಹಿತವಾಗಿತ್ತು, ಅದಾದ್ಮೇಲೆ ಎದ್ದೇಳೋವಾಗ ಕೈ ಜಾರ್ತು, ನೀನ್ ಆವಾಗ್ಲೇ ಹೊರಟೋಗಿದ್ದೆ, ನಿನಗೇನು ಗೊತ್ತು. ನಕ್ಕೂ ಬಿಟ್ಟೆ. ನಂಬಿದಳೋ ಇಲ್ಲವೋ ಮುಖ ಕಾಣದೆ ಹೇಗೆ ಹೇಳುವುದು, ಇನ್ನೂ ಏನಾದರೂ ಕೊಡಬೇಕು ಅವಳಿಗೆ, ಈಗೀಗ ಸುಧಾರಿಸ್ತಾ ಐತೆ ಕಣೆ, ಪಾದ ಮುಟ್ಟಿದ್ರೆ ಗೊತ್ತಾಗ್ತದೆ, ಡಾಕ್ಟ್ರಿಗೇ ಆಶ್ಚರ್ಯ. ನಿಜವಾಗ್ಲೂ? ಅವಳ ದನಿ ಬದಲಾಯಿತು, ಬಾಯಾರಿದವರ ದನಿ. ನಿಜವಾಗ್ಲೂ, ಬೇಕಾದ್ರೆ ಮುಟ್ಟಿ ನೋಡು. ಬಳೆ ಸದ್ದಾಯಿತು. ಕಿವಿ ಅತ್ತಲೇ ಇಟ್ಟಿದ್ದೆ, ಪೆನಾಲ್ಟಿಗೆ ನಿಂತ ಗೋಲಿಯಂತೆ, ಚೆಂಡು ಹೊರಟ ಮೇಲೆ ಹಾರಿದರೆ ಸಿಗುವುದಿಲ್ಲ, ಮೊದಲೇ ಹಾರಬೇಕು, ಬಳೆ ಸದ್ದಾದ ಕೂಡಲೇ ಹಾರಿದೆ — ಹಾಂ, ಎಡಗಾಲು, ಹೆಬ್ಬೆರಳು ಹಿಡಿದಿದ್ದೀಯ, ಕೈ ತಣ್ಣಗಿದೆ ನೋಡು ನಿಂದು. ಗೋಡೆಯಾಚೆ ಮಗ್ಗ ನಿಂತಿದೆ, ಎಳೆ ತುಂಡಾಗಿರಬೇಕು, ಕುಮಾರ ಗಂಟು ಹಾಕುತ್ತಿರಬೇಕು. ರುಕ್ಕಿ? ಗೊತ್ತಾಗ್ತಾ ಐತೆ ಕಣೆ, ಬಿಡು ಈಗ. ಅಣ್ಣಯ್ಯ, ಎನ್ನುತ್ತಾಳೆ, ಬಲು ಮೆಲ್ಲಗೆ, ನಾನ್ ಕಣ್ಣೊರೆಸ್ಕೊಂಡೆ ಅಷ್ಟೇ, ನಿನ್ನ ನಾನಿನ್ನೂ ಮುಟ್ಟೇ ಇಲ್ಲ.

ಏನಾದರೂ ಹೇಳಬೇಕು, ಬಾಯಿ ಇದೆಯಲ್ಲ, ಬಾಯಿ ಸರಿಯಾಗಿದೆಯಲ್ಲ, ಹೇಳು, ಏನು ಹೇಳುವುದು, ಚಾವಣಿ ಬೆಳ್ಳಗಿದೆ, ಹೊಸ್ತಿಲು, ಕೆನ್ನೆ ಹೊಸ್ತಿಲ ಮೇಲಿದೆ, ಭಯ ಆಯ್ತದೆ ಅಂದಿದ್ದಳು, ಬ್ಯಾಡ ಅಂದಿದ್ದಳು, ಕಣ್ಣಂಚಿನಲ್ಲಿ ಅವಳ ಕಾಲು, ಒಡೆದ ಹಿಮ್ಮಡಿ, ಎತ್ತಿದ್ದಾಳೆ, ಎಡಗಾಲು, ಎತ್ತಿದ್ದಾಳೆ, ಇಟ್ಟಿಲ್ಲ, ಇನ್ನೂ ಇಟ್ಟಿಲ್ಲ